ಭಾವನ ಗಾಡಿಗೆ ನಾನು ಕಾವಲು

ಮಡಂತ್ಯಾರಿನಲ್ಲಿ ಇಪ್ಪತ್ತು ವರ್ಷದಿಂದ ಹೋಟೆಲ್ ನಡೆಸುವವನಿಗೆ ನಗುವ ಸಂಗತಿಗೆ ಏನೂ ಬರವಿಲ್ಲ. ಆದರೆ ಕಳೆದ ಹನ್ನೊಂದು ತಿಂಗಳಲ್ಲಿ ಒಂದರ ಹಿಂದೆ ಒಂದು ನಡೆದದ್ದೆಲ್ಲ ಊರಿಗೆ ನಗು, ನನಗೆ ಬೆವರು. ಎಲ್ಲದಕ್ಕೂ ಕಾರಣ ಒಂದು ಕಾರು, ಅದೂ ನನ್ನದಲ್ಲ.

ಮಸ್ಕತ್ತಿನಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಹಿಂದಿನ ರಜೆಯಲ್ಲಿ ಬಂದಾಗ ಮನೆಯಷ್ಟು ಎತ್ತರದ ಒಂದು ಹೈಬ್ರಿಡ್ ಕಾರು ತೆಗೆದರು. ಪೆಟ್ರೋಲಿನಲ್ಲೂ ಓಡ್ತದೆ, ತಾನೇ ಮಾಡಿಕೊಂಡ ಕರೆಂಟಿನಲ್ಲೂ ಓಡ್ತದೆ. ಒಳಗೆ ಬಿಳಿ ಚರ್ಮದ ಸೀಟು. ರಜೆ ಮುಗಿಯುವಾಗ ಕೀ ನನ್ನ ಕೈಯಲ್ಲಿಟ್ಟು, ವಾರಕ್ಕೊಮ್ಮೆಯಾದರೂ ಓಡಿಸು, ಇಲ್ಲದಿದ್ದರೆ ಬ್ಯಾಟರಿ ಸಾಯ್ತದೆ ಅಂದರು. ಅಕ್ಕ ಹೇಳಿದ್ದು ಒಂದೇ ಮಾತು: "ನಾವು ಬರುವಾಗ ಇದರಲ್ಲಿ ಒಂದು ಗೀರು ಇರಬಾರದು."

ಅಕ್ಕನಿಗೆ ನನ್ನ ಮೇಲೆ ನಂಬಿಕೆ ಇಲ್ಲದ್ದಕ್ಕೆ ಕಾರಣ ಉಂಟು. ಅವಳು ಒಂಬತ್ತನೇ ಕ್ಲಾಸಿನಲ್ಲಿರುವಾಗ ಅವಳ ಹೊಸ ಸೈಕಲನ್ನು ನಾನು ಮೊದಲ ದಿನವೇ ನೀರು ಹರಿಯುವ ತೋಡಿಗೆ ಇಳಿಸಿದ್ದೆ. ನನ್ನ ತಲೆಗೂದಲು ಬೆಳ್ಳಗಾದರೂ ಆ ಸೈಕಲ್ ಇನ್ನೂ ತೋಡಿನಿಂದ ಮೇಲೆ ಬಂದಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಅವಳ ವಿಡಿಯೋ ಕಾಲ್. ನಾನು ಫೋನು ಹಿಡಿದು ಕಾರಿಗೆ ಒಂದು ಪ್ರದಕ್ಷಿಣೆ ಬರಬೇಕು. ಅದು ಮುಗಿದ ಮೇಲೆ ಅಮ್ಮ ಹೇಗಿದ್ದಾರೆ ಅಂತ ಕೇಳ್ತಾಳೆ.

ಬಂಕಿನವನ ಪ್ರಶ್ನೆ

ಮೊದಲ ಸಲ ಪೆಟ್ರೋಲ್ ಹಾಕಿಸಲು ಬಂಟ್ವಾಳದ ಕಡೆ ಹೋದೆ. ಬಂಕಿನವ ಸೀದಾ ಡೀಸೆಲ್ ಪೈಪು ಎಳೆದುಕೊಂಡು ಬಂದ. ಬಾಗಿಲು ತೆರೆದು ಹಾರಿ ಹೋಗಿ ಎರಡೂ ಕೈಯಲ್ಲಿ ಪೈಪು ಹಿಡಿದುಕೊಂಡೆ.

ಅವನಿಗೆ ಸಿಟ್ಟು ಬಂತು. ಇಷ್ಟು ದೊಡ್ಡ ಗಾಡಿಗೆ ಪೆಟ್ರೋಲ್ ಹಾಕಿಸಿದವರನ್ನು ತಾನು ಕಂಡಿಲ್ಲ ಅಂತ ವಾದಕ್ಕೆ ನಿಂತ. ಇದು ಪೆಟ್ರೋಲ್ ಮತ್ತು ಕರೆಂಟ್ ಎರಡರಲ್ಲೂ ಓಡುವುದು ಅಂದೆ. ಹಾಗಾದರೆ ಚಾರ್ಜಿಗೆ ಇಡುವುದು ಎಲ್ಲಿ ಅಂತ ಕಾರಿನ ಸುತ್ತ ಹುಡುಕಿದ. ಚಾರ್ಜಿಗೆ ಇಡ್ಲಿಕ್ಕೆ ಇಲ್ಲ, ಓಡುವಾಗ ಅದೇ ಕರೆಂಟ್ ಮಾಡಿಕೊಳ್ತದೆ ಅಂತ ತಿಳಿಸಿ ಹೇಳಿದೆ. ನನ್ನ ಹಿಂದೆ ಆರು ಗಾಡಿ ಹಾರ್ನ್ ಹಾಕುತ್ತಿದ್ದವು.

ಅವನು ಪೈಪನ್ನು ವಾಪಸು ಸಿಕ್ಕಿಸಿ, ಸಾವಧಾನದಲ್ಲಿ ಕೇಳಿದ: "ಅದೇ ಕರೆಂಟ್ ಮಾಡ್ತದಾದ್ರೆ ನೀವು ಇಲ್ಲಿಗೆ ಬಂದದ್ದು ಯಾಕೆ ಮಾರಾಯ್ರೆ?"

ಲೈನ್‌ಮ್ಯಾನ್ ಬಂದ

ಮಳೆಗಾಲದಲ್ಲಿ ಗುಡ್ಡದ ಮಣ್ಣು ರಸ್ತೆಗೆ ಬಿದ್ದೀತು, ಮರದ ಕೊಂಬೆ ತಾಗೀತು ಅಂತ ಹೆದರಿ ಮೂರು ವಾರ ಕಾರನ್ನು ಶೆಡ್ಡಿನಿಂದ ತೆಗೆಯಲಿಲ್ಲ. ಇಲಿ ವಯರು ಕಡಿಯಬಾರದು ಅಂತ ಬಾನೆಟ್ಟಿನೊಳಗೆ ಹೊಗೆಸೊಪ್ಪು ಬೇರೆ ಇಟ್ಟಿದ್ದೆ. ಇಲಿ ಬರಲಿಲ್ಲ, ಆದರೆ ಕಾರು ಸತ್ತುಹೋಯಿತು. ಗುಂಡಿ ಒತ್ತಿದರೆ ಒಂದು ದೀಪವೂ ಇಲ್ಲ.

ಪೇಟೆಯ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದೆ. ಬಾನೆಟ್ ಎತ್ತಿದವ ಹೆಬ್ಬೆರಳು ದಪ್ಪದ ಕಿತ್ತಳೆ ಬಣ್ಣದ ಕೇಬಲ್ಲನ್ನೂ ಅದರ ಹತ್ತಿರ ಅಂಟಿಸಿದ ಸಿಡಿಲಿನ ಚಿತ್ರವನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಬಂದ. ತನಗೆ ಇಬ್ಬರು ಮಕ್ಕಳಿದ್ದಾರೆ, ಇದಕ್ಕೆ ಕೈ ಹಾಕುವುದಿಲ್ಲ ಅಂದ. ಅರ್ಧ ಗಂಟೆಯಲ್ಲಿ ತನ್ನ ಗುರ್ತದ ಲೈನ್‌ಮ್ಯಾನನ್ನೇ ಕರೆದುಕೊಂಡು ಬಂದ. ಲೈನ್‌ಮ್ಯಾನ್ ರಬ್ಬರ್ ಕೈಗವಸು ಹಾಕಿ, ಮೊದಲು ಮನೆಯ ಮೈನ್ ಆಫ್ ಮಾಡಿಸಿ, ಆಮೇಲೆ ದೂರದಿಂದ ಬಗ್ಗಿ ನೋಡಿ ತೀರ್ಪು ಕೊಟ್ಟ. ಇದು ಕಂಬದಿಂದ ಬಂದ ಕರೆಂಟಲ್ಲ, ತನಗೆ ಬರುವುದಿಲ್ಲ.

ಕೊನೆಗೆ ಕಂಪೆನಿಯ ಸರ್ವಿಸ್‌ನವರಿಗೆ ಫೋನು ಮಾಡಿದೆ. ದೊಡ್ಡ ಬ್ಯಾಟರಿಗೆ ಏನೂ ಆಗಿಲ್ಲ, ಮಾಮೂಲಿ ಸಣ್ಣ ಬ್ಯಾಟರಿ ಒಂದು ಉಂಟು, ಅದು ಖಾಲಿಯಾಗಿದೆ, ಬೇರೆ ಯಾವುದಾದರೂ ಗಾಡಿಯಿಂದ ವಯರು ಕೊಡಿ ಅಂದರು. ಇದ್ದದ್ದು ನಾನು ಹೋಟೆಲಿಗೆ ತರಕಾರಿ ತರುವ, ಬಾಗಿಲಿಗೆ ಹಗ್ಗ ಕಟ್ಟಿದ ಹಳೆ ವ್ಯಾನು. ಅದರಿಂದ ವಯರು ಕೊಟ್ಟದ್ದೇ ಭಾವನ ಕಾರಿಗೆ ಜೀವ ಬಂತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, ಈ ವ್ಯಾನನ್ನು ಮಾತ್ರ ಮಾರಬೇಡಿ, ಇಷ್ಟು ದೊಡ್ಡ ಕಾರು ಇಟ್ಟುಕೊಂಡವರಿಗೆ ಇಂಥದ್ದು ಒಂದು ಬೇಕಾಗ್ತದೆ ಅಂತ ಬುದ್ಧಿ ಹೇಳಿ ಹೋದ.

ಮೂಡುಬಿದಿರೆಯ ಮಾಷ್ಟ್ರು

ಕರೆಂಟಿನಲ್ಲಿ ಓಡುವಾಗ ಈ ಕಾರಿಗೆ ಸದ್ದೇ ಇಲ್ಲ. ಮೂಡುಬಿದಿರೆಯ ಒಂದು ಸಪೂರ ರಸ್ತೆಯಲ್ಲಿ ನನ್ನ ಮುಂದೆ ಒಬ್ಬರು ರಿಟೈರ್ಡ್ ಮಾಷ್ಟ್ರು ಕೊಡೆ ಹಿಡಿದು ನಡೆಯುತ್ತಿದ್ದರು. ಹಾರ್ನ್ ಹಾಕಿದರೆ ಗಾಬರಿಯಾಗಿ ಬಿದ್ದಾರು, ಬೀಳುವಾಗ ಕೊಡೆಯ ಕಡ್ಡಿ ಕಾರಿಗೆ ತಾಗೀತು. ಅದಕ್ಕೇ ಆಮೆಯ ಹಾಗೆ ಅವರ ಹಿಂದೆಯೇ ಹೋದೆ.

ತಿರುವಿನಲ್ಲಿ ಅವರು ಹಿಂದೆ ನೋಡಿದರು. ಒಂದು ಕ್ಷಣ ನಿಂತು, ಮುಖ ಅರಳಿಸಿ, ಕರೆಯುವುದಾದರೆ ಆಗಲೇ ಕರೆಯಬಾರದಿತ್ತೋ, ಇಷ್ಟು ಸಂಕೋಚ ಯಾಕೆ ಅನ್ನುತ್ತಾ ಬಾಗಿಲು ತೆರೆದು ಹತ್ತಿಯೇ ಬಿಟ್ಟರು. ಅವರು ಬಸ್ ಹಿಡಿಯಲು ಹೊರಟವರು, ಮನೆ ನಾನು ಬಂದ ದಿಕ್ಕಿಗೇ ಐದು ಕಿಲೋಮೀಟರ್ ಹಿಂದೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಎರಡೂ ಕಡೆ ಒರಟು ಮುರಕಲ್ಲಿನ ಪಾಗಾರದ ಗೋಡೆ. ನಾನು ಉಸಿರು ಒಳಗೆ ಎಳೆದುಕೊಂಡು ಓಡಿಸಿದೆ, ಅದರಿಂದ ಕಾರು ಸಣ್ಣದಾಗ್ತದೆ ಅನ್ನುವ ಹಾಗೆ.

ಗೀರು ಬೀಳಲಿಲ್ಲ. ಮಾಷ್ಟ್ರು ಇಳಿದು ಆಶೀರ್ವಾದ ಮಾಡಿ ಹೋದ ಮೇಲೆ ನೋಡುತ್ತೇನೆ, ಬಿಳಿ ಸೀಟಿನ ಮೇಲೆ ಅವರು ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆ ಇಟ್ಟಿದ್ದ ಜಾಗದಲ್ಲಿ ನೀರು. ಲಿಂಬೆಹುಳಿ ಹಾಕಿ ಉಜ್ಜಿದೆ, ಊದುಬತ್ತಿ ಹಚ್ಚಿದೆ. ಆ ಶುಕ್ರವಾರ ಅಕ್ಕ ಒಳಗೆ ಸಹ ತೋರಿಸು ಅಂದಳು. ಫೋನಿನಲ್ಲಿ ವಾಸನೆ ಹೋಗುವುದಿಲ್ಲ ಅನ್ನುವುದೊಂದೇ ನನ್ನ ಪುಣ್ಯ.

ಹರಕೆ

ಒಂದು ಮಧ್ಯಾಹ್ನ ಬೆಳ್ತಂಗಡಿಗೆ ಹೋಗಿ ಬಂದು ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಕೈಕಾಲು ತೊಳೆಯಲು ಹೋದೆ. ಇಳಿಯುವಾಗ ಅದು ಏನೋ ಕೀಂ ಕೀಂ ಅಂದಿತು. ಅದು ದಿನವೂ ಏನಾದರೊಂದಕ್ಕೆ ಹಾಗೆ ಅನ್ನುತ್ತದೆ. ಸದ್ದಿಲ್ಲದ ಕಾರಾದ್ದರಿಂದ ಆಫ್ ಮಾಡಲು ಮರೆತದ್ದು ನನಗೆ ಗೊತ್ತಾಗಲಿಲ್ಲ.

ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಹತ್ತು ನಿಮಿಷ ಕಳೆದು, ಒಳಗೆ ಯಾರೂ ಇಲ್ಲದ ಕಾರು ಗುರ್ ಅಂತ ತಾನೇ ಸ್ಟಾರ್ಟ್ ಆಯಿತು. ಬ್ಯಾಟರಿ ಇಳಿದರೆ ಎಂಜಿನ್ ತಾನಾಗಿ ಚಾಲೂ ಆಗ್ತದೆ ಅಂತ ಪುಸ್ತಕದಲ್ಲಿ ಬರೆದದ್ದುಂಟು. ನಾನು ಅದನ್ನು ಓದಿದ್ದೇನೆ, ಅಮ್ಮ ಓದಿಲ್ಲ. ಮನೆಯ ದೈವಕ್ಕೆ ಒಂದು ಮಾತು ಹೇಳದೆ ಗಾಡಿ ತಂದದ್ದಕ್ಕೇ ಹೀಗೆ, ಈಗಲೇ ಹರಕೆ ಹೇಳಿಕೋ ಅಂತ ಅಮ್ಮ ಹಟ ಹಿಡಿದರು.

ನಿಜ ಹೇಳ್ತೇನೆ, ಪುಸ್ತಕ ಓದಿದ್ದರೂ ನನಗೆ ಆಗ ಒಂದು ಆಸರೆ ಬೇಕಿತ್ತು. ಒಬ್ಬನೇ ಈ ಕಾರಿಗೆ ಕಾವಲು ಕಾದು ಕಾದು ಸಾಕಾಗಿತ್ತು. ಗುಡ್ಡೆಯ ಮೇಲಿನ ದೈವದ ಗುಡಿಯ ಕಡೆ ತಿರುಗಿ ಕೈ ಮುಗಿದು ಗಟ್ಟಿಯಾಗಿಯೇ ಹೇಳಿದೆ: "ಕೀ ಭಾವನ ಕೈಗೆ ಕೊಡುವ ತನಕ ಒಂದು ಗೀರು ಬೀಳದ ಹಾಗೆ ನೋಡಿಕೋ. ಒಂದು ಗೊನೆ ಎಳನೀರಿನ ಬೊಂಡ ಒಪ್ಪಿಸ್ತೇನೆ."

ಅಷ್ಟು ಹೇಳಿದ್ದೇ ಎಂಜಿನ್ ತಾನಾಗಿ ನಿಂತಿತು. "ಒಪ್ಪಿತು," ಅಂದು ಅಮ್ಮ ಪುನಃ ಹಲಸಿನ ಬೀಜ ಕೈಗೆತ್ತಿಕೊಂಡರು.

ಕೀ ಕೊಟ್ಟ ದಿನ

ಕಳೆದ ತಿಂಗಳು ಅಕ್ಕ, ಭಾವ ಬಂದರು. ಏರ್‌ಪೋರ್ಟಿನಿಂದ ನಾನೇ ಕರೆತಂದೆ. ಅಂಗಳದಲ್ಲಿ ಇಳಿದ ಅಕ್ಕ ಕಾರಿಗೆ ಸುತ್ತು ಬಂದು, ಬಾಗಿಲ ಮೇಲೆ ಬೆರಳಾಡಿಸಿ, ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದಳು. ಸೈಕಲ್ಲಿನ ಕತೆ ಇವತ್ತಿಗೆ ಮುಗಿಯಿತು ಅಂದಳು. ನನ್ನ ಕಣ್ಣಲ್ಲಿ ನೀರೇ ಬಂತು. ಭಾವನ ಕೈಗೆ ಕೀ ಕೊಟ್ಟೆ.

ಅಕ್ಕ ಪೆಟ್ಟಿಗೆ ಬಿಚ್ಚಲು ಒಳಗೆ ಹೋದಳು. ಹೋಗುವಾಗ ಭಾವನಿಗೆ, ಮಸ್ಕತ್ತಿನಲ್ಲಿ ರಸ್ತೆಯ ಬಲಗಡೆ ಓಡಿಸಿದ ಅಭ್ಯಾಸ ಕೈಯಿಂದ ಹೋಗದೆ ನೀವು ಇದನ್ನು ಮುಟ್ಟಬೇಡಿ ಅಂತ ಹೇಳಿಯೇ ಹೋದಳು. ಅವಳು ಒಳಗೆ ಹೋದದ್ದೇ ಭಾವ ಅಲ್ಲಿಯ ಹಾಗೆ ಎಡಗಡೆಯ ಬಾಗಿಲು ತೆರೆದು ಕೂತು ಸ್ಟೇರಿಂಗ್ ಹುಡುಕಿದರು. ಇಳಿದು ಬಲಗಡೆಗೆ ಬಂದರು. ಶೆಡ್ಡಿಗೆ ಹಾಕ್ತೇನೆ ಅಂತ ರಿವರ್ಸ್ ತೆಗೆದರು. ಬೇಡ ಭಾವ, ಬೇಡ ಭಾವ ಅಂತ ನಾನು ಹಿಂದೆಯೇ ಓಡಿದೆ. ಕಾರೂ ಕೀಂ ಕೀಂ ಅಂತ ಬೊಬ್ಬೆ ಹಾಕಿತು. ಅದು ಸುಮ್ಮನೆ ಬಡಕೊಳ್ತದೆ ಅಂದರು ಭಾವ. ಗೇಟಿನ ಮುರಕಲ್ಲಿನ ಕಂಬ, ಹಿಂದಿನ ಬಾಗಿಲು, ಗರ್ರ್ ಅಂತ ಒಂದು ಸದ್ದು. ಗೀರು ಸರಿಯಾಗಿ ಒಂದು ಮೊಳ.

ಭಾವ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ನೀನೇ ಮಾಡಿದ್ದು ಅಂತ ಹೇಳು ಮಾರಾಯ. ನೀನು ಹೇಗೂ ತಮ್ಮ, ಬೈದು ಬಿಡ್ತಾಳೆ. ನನಗೆ ವರ್ಷಪೂರ್ತಿ ಅವಳೊಟ್ಟಿಗೇ ಇರ್ಲಿಕ್ಕುಂಟು."

ಅಕ್ಕ ಬಾಗಿಲಿಗೆ ಬಂದಾಗಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು. ಸೈಕಲ್ಲು ಪುನಃ ತೋಡಿಗೆ ಬಿತ್ತು. ಭಾವ ನಡುವೆ ಬಂದು, ಹೋಗಲಿ ಬಿಡು, ಅವನಿಗೆ ಇಂಥ ಗಾಡಿಯ ಅಭ್ಯಾಸ ಇಲ್ಲ, ಪಾಪ ಅಂದರು.

ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಬೊಂಡ ಯಾವಾಗ ಒಪ್ಪಿಸ್ತಿ ಅಂತ ಕೇಳಿದರು. ಗೀರು ಬಿತ್ತಲ್ಲ, ಇನ್ನು ಎಂಥ ಹರಕೆ ಅಂದೆ ನಾನು. ಅಮ್ಮ ಸ್ವರ ತಗ್ಗಿಸಿದರು. "ಕೀ ಕೊಟ್ಟ ಮೇಲಲ್ವಾ ಬಿದ್ದದ್ದು? ನಾನು ಜಗಲಿಯಲ್ಲೇ ಇದ್ದೆ, ಎಲ್ಲ ನೋಡಿದ್ದೇನೆ. ದೈವ ಮಾತಿಗೆ ತಪ್ಪಲಿಲ್ಲ. ನೀನೂ ತಪ್ಪಬೇಡ."

ಒಂದು ಗೊನೆ ಬೊಂಡ ಹೆಗಲಿಗೇರಿಸಿ ಹೊರಟೆ. ಅಂಗಳದಲ್ಲಿ ಅಕ್ಕ ತಡೆದು, ಗಾಡಿಗೆ ಗೀರು ಹಾಕಿದ್ದಲ್ಲದೆ ಹರಕೆ ಬೇರೆಯಾ, ಯಾವ ಸಂತೋಷಕ್ಕೆ ಅಂತ ಕೇಳಿದಳು. ನಾನು ಭಾವನ ಮುಖ ನೋಡಿದೆ. ಭಾವ ಎದ್ದು ಬಂದು, ನನ್ನ ಹೆಗಲಿನ ಗೊನೆಯನ್ನು ತನ್ನ ಹೆಗಲಿಗೆ ತೆಗೆದುಕೊಂಡು ಗುಡ್ಡೆ ಹತ್ತಲು ತೊಡಗಿದರು.

ಅಕ್ಕ ಅವರನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ನೋಡು, ಮನುಷ್ಯ ಅಂದ್ರೆ ಹಾಗಿರಬೇಕು. ಗೀರು ಹಾಕಿದ್ದು ನೀನು, ಹರಕೆ ಹೊರುವುದು ಅವರು."