ದೇವರ ಸಾಮಾನಿಗೆ ವಜನವಿಲ್ಲ

ಸೋಲಾಪುರದ ವಿಜಾಪುರ ರಸ್ತೆಯ ಶೈಲೇಶ, ಕಾರಿನ ಹಿಂದೆ ಎಳೆದೊಯ್ಯುವ ಕಾರವಾನ್ ಎಂಬ ಗಾಲಿಮನೆಯನ್ನು ಕೊಂಡ. ಒಳಗೆ ಮಂಚ, ಒಲೆ, ಕಿಟಕಿಗೆ ಹೂವಿನ ಪರದೆ. ಮಾರಿದವನು ಒಂದೇ ಮಾತು ಹೇಳಿದ್ದ: "ನಿಮ್ಮ ಕಾರು ಎಳೆಯೂದು ಎಂಟುನೂರು ಕಿಲೋ. ಖಾಲಿ ಗಾಡೀನ ಆರುನೂರದ. ಮ್ಯಾಲ ಇನ್ನೂರು ದಾಟಿದ್ರ ಬ್ರೇಕ್ ಹಿಡಿಯಂಗಿಲ್ಲ ನೋಡ್ರಿ."

ಅಂದಿನಿಂದ ಶೈಲೇಶನಿಗೆ ಕನಸಿನಲ್ಲೂ ತಕ್ಕಡಿ.

ಮೊದಲ ಪಯಣ ದೇವರ ದರ್ಶನಕ್ಕೆ ಅಕ್ಕಲಕೋಟೆಗೆ ಎಂದು ಓಣಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅಲ್ಲಿಗೆ ಹೊರಟವರ ಕೈಯಲ್ಲಿ ಅನ್ನಛತ್ರಕ್ಕೆ ಧಾನ್ಯ ಕಳಿಸುವುದು ಓಣಿಯ ವಾಡಿಕೆ, ಒಲ್ಲೆ ಎನ್ನುವಂತಿಲ್ಲ. ಬೆಳಗಾಗುವಷ್ಟರಲ್ಲಿ ಬಾಗಿಲಿಗೆ ಚೀಲಗಳು ದಿಂಡಿ ಯಾತ್ರೆಯವರಂತೆ ಸಾಲುಗಟ್ಟಿದವು.

"ಕಾಕಾ, ವಜನ ಭಾಳ ಆಗ್ತದ್ರಿ!"

"ಹುಚ್ಚಪ್ಪಾ, ದೇವರ ಸಾಮಾನಿಗೆ ವಜನ ಇರ್ತದೇನೋ?" ಎಂದು ನೆರೆಮನೆಯ ಪಂಢರಿನಾಥ ಕಾಕಾ ಅಕ್ಕಿಯ ಚೀಲ ನೂಕಿ, ತಾವೂ ಒಳಹೊಕ್ಕು ಮಂಚದ ಮೇಲೆ ಒರಗಿದರು. "ಹೊಸಾ ಮನ್ಯಾಗ ನಾನೂ ಕೂಡಾಕಿನ" ಎಂದು ಹೆಂಡತಿ ವರದಾ ಕಿಟಕಿ ಹಿಡಿದಳು.

ಶೈಲೇಶ ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದ. ಗಾಡಿ, ನೊಣ ಓಡಿಸುವ ಎಮ್ಮೆಯ ಬಾಲದಂತೆ ಅತ್ತಿತ್ತ ಬೀಸುತ್ತಿತ್ತು. ತಡೆಯಲಾರದೆ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ವಾಹನ ತೂಗುವ ದಾರಿಬದಿಯ ವಜನ ಕಾಟಾಕ್ಕೆ ನುಗ್ಗಿಸಿ, ಕಾರು ಬಿಟ್ಟು ಗಾಡಿಯೊಂದನ್ನೇ ತೂಗಿಸಿದ.

"ಹನ್ನೊಂದು ನೂರು!" ಕಾಟಾದವ ಕೂಗಿದ.

ಶೈಲೇಶನ ಮುಖ ಸುಟ್ಟ ಬದನೆಕಾಯಿಯಾಯಿತು. ಕಿಟಕಿಯಲ್ಲಿ ವರದಾ ಕಣ್ಣು ಮುಚ್ಚಿ ಕೈಮುಗಿದಳು.

"ಇಳೀರಿ, ಎಲ್ಲಾರೂ ಇಳೀರಿ! ಚೀಲಾನೂ ಇಳಸ್ರಿ!"

ಒಂದು ಟಂಟಂ ಆಟೋ ಹಿಡಿದು ಚೀಲಗಳನ್ನೂ, ಚೀಲಗಳ ಮೇಲೆ ಅವರಿಬ್ಬರನ್ನೂ ಹೇರಿದ. ಆ ಟಂಟಂಗೆ ಮಿತಿ ಎಷ್ಟೆಂದು ಕೇಳಲು ಯಾರಿಗೂ ಹೊಳೆಯಲಿಲ್ಲ. ಮಂಚವಿದ್ದ ಮನೆ ಖಾಲಿ ಸಾಗಿತು. ಮನೆಯ ಮಂದಿ ಜೋಳದ ಚೀಲದ ಮೇಲೆ ಕುಪ್ಪಳಿಸುತ್ತ ಸಾಗಿದರು.

"ಭಾರೀ ಸುಖದ ಗಾಡಿ ತಂದಿಯಪಾ!" ಟಂಟಂ ಕಾರನ್ನು ಹಿಂದೆ ಹಾಕುವಾಗ ಕಾಕಾ ಕೂಗಿದರು.

ಅಕ್ಕಲಕೋಟೆಯಲ್ಲಿ ಚೀಲಗಳನ್ನು ಒಪ್ಪಿಸಿದ ಮೇಲೆಯೇ ಶೈಲೇಶ ನೆಟ್ಟಗೆ ಉಸಿರಾಡಿದ್ದು. "ಸುಖರೂಪ ಮುಟ್ಟಿದ್ವಿ. ಇನ್ನ ವಜನದ ಚಿಂತಿ ಇಲ್ಲ."

"ಅಹೋ, ಹರಕಿ ಒಂದು ಉಳದದ," ವರದಾ ಮೆಲ್ಲಗೆ ಹೇಳಿದಳು. "ಕಾಟಾದ ಮ್ಯಾಲ ಬೇಡ್ಕೊಂಡೀನಿ. ಗಾಡಿ ಸುಖರೂಪ ಮುಟ್ಟಿದ್ರ ಅದರ ವಜನದಷ್ಟು ಬೆಲ್ಲ ತುಲಾಭಾರ ಮಾಡಸ್ತೀನಂತ."

ಶೈಲೇಶ ಕಂಬ ಹಿಡಿದುಕೊಂಡ. "ಆರುನೂರು ಕಿಲೋ?"

"ಛೇ, ದೇವರಿಗಿ ಮೋಸಾ ಮಾಡೂದೇನ್ರಿ? ಬೇಡ್ಕೊಳ್ಳೂ ಮುಂದ ಎಷ್ಟಿತ್ತೋ ಅಷ್ಟು."

"ಹನ್ನೊಂದು ನೂರು ಕಿಲೋ ಬೆಲ್ಲಾ ಯಾತರಾಗ ತರೂದು?"

ಕಾಕಾ ಆಗಲೇ ಮಂಚದ ಮೇಲೆ ಒರಗಿದ್ದರು. ಹೂವಿನ ಪರದೆ ಸರಿಸಿ ಇಣುಕಿದರು.

"ಈ ಗಾಡಿ ಖಾಲೀನ ಅದಲ್ಲೋ, ಹುಚ್ಚಪ್ಪಾ. ದೇವರ ಬೆಲ್ಲಕ್ಕ ವಜನ ಇರ್ತದೇನು?"