ಕರಡಕ್ಕನ ಮೂರು ತಪ್ಪಿನ ನಿಯಮ

ವಿವರಣೆ ಇಲ್ಲದ ಕಡತ ಇನ್ನು ಮುಂದೆ ಈ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಕರಡಕ್ಕ ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದಳು. ಎದುರಿಗೆ ಕೂತಿದ್ದ ಅವಳ ಗಂಡ ಆಫೀಸಿನಿಂದ ತಂದಿದ್ದ ಫೈಲನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡ. ಘೋಷಣೆ ತನ್ನನ್ನು ಕುರಿತದ್ದಲ್ಲ ಎಂದು ತಿಳಿಯಲು ಅವನಿಗೆ ಅರ್ಧ ನಿಮಿಷ ಬೇಕಾಯಿತು.

ಕರಡಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹದಿನೇಳು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದುದರಿಂದ ಬಂದ ಬಿರುದು. (ಕೋಪ ಬಂದಾಗ ಅದು ಕರಡಿಯಕ್ಕ ಆಗುತ್ತದೆ, ಆದರೆ ಹಾಗೆಂದವರು ಅವಳ ಕಿವಿಗೆ ಬೀಳದಂತೆ ಎಚ್ಚರ ವಹಿಸಿದ್ದಾರೆ.) ಗಂಡ ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಗುಮಾಸ್ತ. ಮನೆಗೆ ಅವನೇ ಯಜಮಾನ, ಅದೂ ಕಾಗದಪತ್ರದ ಮಟ್ಟಿಗೆ.

ಅಡುಗೆಮನೆಗೂ ಬಚ್ಚಲಿಗೂ ನಡುವಿನ ಸಾಮಾನು ಕೋಣೆಯಲ್ಲಿ, ಹಳೆಯ ಸೂಟ್‌ಕೇಸುಗಳನ್ನು ಮೂಲೆಗೆ ದಬ್ಬಿ ಮಾಡಿಕೊಂಡ ಜಾಗದಲ್ಲಿ, ಕರಡಕ್ಕನ ಸಾಮ್ರಾಜ್ಯವಿತ್ತು. ಒಂದು ಹಳೆಯ ಕಂಪ್ಯೂಟರು, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ವ್ಯವಸ್ಥೆ, ಲಿನಕ್ಸಿನ ಮೇಲೆ ‘ಚಿತ್ತುಕಾಟು’ ಎಂಬ ಬುಲೆಟಿನ್ ಬೋರ್ಡು. ಬಣ್ಣದ ಚಿತ್ರ, ಓಡುವ ವಿಡಿಯೋ, ಅಂಥ ಬೆಡಗು ಯಾವುದೂ ಇಲ್ಲ. ಹವ್ಯಾಸಿಗಳು ತಮ್ಮ ತಮ್ಮ ಮನೆಯಿಂದ ಬಂದು, ಕಪ್ಪು ಪರದೆಯ ಮೇಲೆ ಕಾಗದ ಬರೆದು, ಹಳೆಯ ಆಟ, ರೇಡಿಯೋ ನಕ್ಷೆ, ಅಕ್ಷರಗಳಿಂದಲೇ ಬಿಡಿಸಿದ ಬೆಕ್ಕು ಇತ್ಯಾದಿ ಕಡತಗಳನ್ನು ಇಟ್ಟು, ಬೇರೆಯವರು ಇಟ್ಟದ್ದನ್ನು ಒಯ್ಯುತ್ತಿದ್ದರು. ಸದಸ್ಯರು ನಲವತ್ತೈದು. ಅದರಲ್ಲಿ ಒಬ್ಬಳು ಅವಳೇ. ಇನ್ನೊಬ್ಬ ಗಂಡ, ಮೊದಲ ದಿನ ಬೋರ್ಡು ಬಿಕೋ ಎನ್ನಬಾರದೆಂದು ಅವಳೇ ಸೇರಿಸಿದ್ದಳು. ಆರು ವರ್ಷದಲ್ಲಿ ಅವನು ಒಂದೇ ಒಂದು ಕಾಗದ ಬರೆದಿದ್ದ: ‘ಊಟಕ್ಕೆ ಬರ್ತೀಯಾ?’

ತೊಂದರೆಯೆಲ್ಲ ಕಡತಗಳದ್ದು. ಅವು ಬರುವುದು, ಜಾಗ ಉಳಿಯಲೆಂದು ಒತ್ತಿ, ಗಂಟು ಕಟ್ಟಿಸಿಕೊಂಡು. ಜಿಪ್ ಗಂಟು, ರಾರ್ ಗಂಟು, ಈಗ ಯಾರೂ ಕಟ್ಟದ ಆರ್ಜ್ ಗಂಟು. ಒಂದೊಂದನ್ನು ಬಿಚ್ಚಲು ಒಂದೊಂದು ಸಾಧನ. ಬಿಚ್ಚಿದ ಮೇಲೆ ವೈರಸ್ ಇದೆಯೇ ನೋಡಬೇಕು, ಒಳಗಿಟ್ಟ ವಿವರಣೆಯ ಚೀಟಿ ಓದಿ ಪಟ್ಟಿಗೆ ಏರಿಸಬೇಕು, ಬೇರೆ ಬೋರ್ಡಿನವರು ತುರುಕಿದ ಜಾಹೀರಾತನ್ನು ಕಿತ್ತೆಸೆಯಬೇಕು, ಮತ್ತೆ ಗಂಟು ಕಟ್ಟಿ ಸರಿಯಾದ ಕಪಾಟಿಗೆ ಸೇರಿಸಬೇಕು. ಇಷ್ಟನ್ನೂ ಕರಡಕ್ಕ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕೈಯಾರೆ ಮಾಡುತ್ತಿದ್ದಳು. ಒಲೆಯ ಮೇಲಿನ ಹಾಲು ಎಷ್ಟು ಸಲ ಉಕ್ಕಿತೆಂಬುದಕ್ಕೆ ಲೆಕ್ಕವಿಲ್ಲ.

ಆ ಶನಿವಾರ ‘ಸಿಳ್ಳೆ’ ಎಂಬ ಅಡ್ಡಹೆಸರಿನ ಸದಸ್ಯ ಕಳಿಸಿದ ಗಂಟಿನಲ್ಲಿ ವಿವರಣೆ ಇರಲಿಲ್ಲ. ಬಿಚ್ಚಿದರೆ ಒಳಗೊಂದು ಗಂಟು. ಅದರೊಳಗೆ ಇನ್ನೊಂದು. ಕೊನೆಯದರಲ್ಲಿ ಒಂದು ಸಾಲು: ‘ಅಕ್ಕಾ, ತಪ್ಪು ಕಡತ ಕಳಿಸಿದೆ, ಬೇಜಾರು ಮಾಡ್ಕೋಬೇಡಿ.’ ಅದರ ಹಿಂದೆಯೇ ಮೂವರು ಸದಸ್ಯರ ಜಂಟಿ ಕಾಗದ: ನಾವು ಇಟ್ಟ ಕಡತ ಪಟ್ಟಿಗೆ ಏರಲು ವಾರ ಹಿಡಿಯುತ್ತದೆ, ಹೀಗೇ ಆದರೆ ಬೇರೆ ಬೋರ್ಡಿಗೆ ಹೋಗುತ್ತೇವೆ.

“ಹೋಗ್ತಾರಂತೆ,” ಎಂದಳು ಕರಡಕ್ಕ. “ನಾಳೆ ಮಧ್ಯಾಹ್ನದ ಒಳಗೆ ಎಲ್ಲಾ ಕೆಲಸಾನೂ ಯಂತ್ರವೇ ಮಾಡೋ ಹಾಗೆ ಮಾಡ್ತೀನಿ. ಆಮೇಲೆ ಹೋಗಲಿ ನೋಡೋಣ.”

“ನನ್ನ ತಮ್ಮನ್ನ ಒಂದು ಮಾತು ಕೇಳಬಹುದಲ್ಲ,” ಎಂದ ಗಂಡ.

ಗಂಡನ ತಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟರು. ಅವನನ್ನು ಕೇಳುವ ಅಗತ್ಯ ಬೀಳಲಿಲ್ಲ. ವಿಷಯ ತಿಳಿದು ಅವನೇ ಫೋನ್ ಮಾಡಿದ. (ಯಾರು ತಿಳಿಸಿದರೆಂದು ಹುಡುಕಬೇಕಾಗಿರಲಿಲ್ಲ, ಮನೆಯಲ್ಲಿ ಇದ್ದದ್ದೇ ಇಬ್ಬರು.)

“ಅತ್ತಿಗೆ, ನೀವು ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ? ರಜೆಗೆ ಬಂದಾಗ ನಾನು ಮಾಡಿಕೊಡ್ತೀನಿ.”

“ನಿನ್ನ ರಜೆ ಯಾವಾಗ?”

“ಇನ್ನು ನಾಲ್ಕು ತಿಂಗಳಿದೆ.”

“ನಾನು ನಾಲ್ಕು ಗಂಟೇಲಿ ಮಾಡ್ತೀನಿ.”

“ಸರಿ, ಆದ್ರೆ ಒಂದು ಮಾತು ಕೇಳಿ. ಮೊದಲು ಒಂದೇ ಒಂದು ಕಡತದ ಮೇಲೆ ಪ್ರಯೋಗ ಮಾಡಿ ನೋಡಿ. ನೇರವಾಗಿ ಎಲ್ಲದರ ಮೇಲೂ ಓಡಿಸಬೇಡಿ.”

ಈ ಒಂದು ಮಾತು ಅವನು ಆಡದೆ ಇದ್ದಿದ್ದರೆ ಅವಳು ಖಂಡಿತ ಒಂದೇ ಕಡತದ ಮೇಲೆ ಪ್ರಯೋಗ ಮಾಡುತ್ತಿದ್ದಳು.

ನಾಲ್ಕು ಗಂಟೆ ಎಂದದ್ದು ಒಂಬತ್ತಾಯಿತು, ಅದೂ ಎರಡು ದಿನಕ್ಕೆ ಹಂಚಿ. ಗಂಟು ಬಿಚ್ಚುವ ಸಾಧನಗಳನ್ನು ಒಂದೊಂದಾಗಿ ತಂದು ಕೂರಿಸಿದಳು. ಆರ್ಜ್ ಬಿಚ್ಚುವುದು ಬಹಳ ಹಟ ಮಾಡಿತು. ಅವಳು ಅದಕ್ಕಿಂತ ಹೆಚ್ಚು ಹಟ ಮಾಡಿದಳು. ವೈರಸ್ ಹುಡುಕುವ ಸಾಧನ ಬಂತು. ಯಾವ ಗಂಟು ಬಂದರೆ ಯಾವ ಸಾಧನವನ್ನು ಕರೆಯಬೇಕು, ಬಿಚ್ಚಿದ ಸಾಮಾನು ಎಲ್ಲಿ ಹರಡಬೇಕು, ಕೆಲಸ ಮುಗಿದ ಮೇಲೆ ಹೇಗೆ ಗುಡಿಸಬೇಕು ಎಂದೆಲ್ಲ ಯಂತ್ರಕ್ಕೆ ಅಪ್ಪಣೆಗಳನ್ನು ಬರೆದಳು. ಭಾನುವಾರ ಬೆಳಿಗ್ಗೆ ಗಂಡ ತಾನೇ ಅಡುಗೆಗೆ ಇಳಿದು, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದಾಗ “ಎರಡನೇ ಡೈರೆಕ್ಟರಿ” ಎಂದು ಉತ್ತರ ಬಂತು.

ಕೊನೆಗೆ ಶಿಕ್ಷೆಯ ಭಾಗ. ಕರಡಕ್ಕನ ದೌರ್ಬಲ್ಯವೆಂದರೆ ಅವಳ ಮೆತ್ತನೆ ಮನಸ್ಸು. ಯಾರಾದರೂ “ಅಕ್ಕಾ” ಎಂದು ರಾಗ ಎಳೆದರೆ ಸಾಕು, ಕರಗಿ ನೀರಾಗುತ್ತಿದ್ದಳು. ಆದ್ದರಿಂದ ಈ ಸಲ ಕರುಣೆಯ ಅಧಿಕಾರವನ್ನು ತನ್ನ ಕೈಯಿಂದಲೇ ಕಿತ್ತುಕೊಂಡಳು. ಬೋರ್ಡಿನ ಬಾಗಿಲಲ್ಲೇ ಶಾಸನದಂತೆ ಕೆತ್ತಿಸಿದಳು: ವಿವರಣೆಯಿಲ್ಲದ ಮೂರು ಕಡತ ಇಟ್ಟವರ ಸದಸ್ಯತ್ವ ರದ್ದು. ಮರಳಿ ಬರಬೇಕಾದರೆ ತಪ್ಪೊಪ್ಪಿಕೊಂಡು ಮೇಲ್ಮನವಿ ಬರೆಯತಕ್ಕದ್ದು. ಅದನ್ನು ಒಂದೂ ತಪ್ಪು ಮಾಡದ ಸದಸ್ಯರೇ ವಿಚಾರಿಸತಕ್ಕದ್ದು. ಈ ನಿಯಮದಿಂದ ಯಾರಿಗೂ, ಸ್ವತಃ ನನಗೂ, ವಿನಾಯಿತಿ ಇರತಕ್ಕದ್ದಲ್ಲ.

“ತಕ್ಕದ್ದು ಜಾಸ್ತಿ ಆಯ್ತೇನೋ,” ಎಂದ ಗಂಡ, ಭುಜದ ಮೇಲಿಂದ ಇಣುಕಿ.

“ಇರಲಿ. ಹೆದರಬೇಕು.”

ಹನ್ನೊಂದೂವರೆಗೆ ಯಂತ್ರವನ್ನು ಓಡಿಸಿದಳು. ಹೊಸ ಕಡತಗಳ ಮೇಲೆ ಮಾತ್ರವಲ್ಲ, ಆರು ವರ್ಷದಿಂದ ಕಪಾಟಿನಲ್ಲಿದ್ದ ಆರುನೂರ ನಲವತ್ತರ ಮೇಲೂ. ಹಳಬರಿಗೊಂದು ಹೊಸಬರಿಗೊಂದು ನ್ಯಾಯ ಅವಳ ಸ್ವಭಾವವಲ್ಲ. ಪರದೆಯ ಮೇಲೆ ಸಾಲುಗಳು ಸರಸರ ಹರಿದವು. ಕರಡಕ್ಕ ಕೈಕಟ್ಟಿ ನಿಂತು ನೋಡಿದಳು. ಅಷ್ಟು ವೇಗವಾಗಿ ಆ ಮನೆಯಲ್ಲಿ ಯಾವ ಕೆಲಸವೂ ಆಗಿರಲಿಲ್ಲ.

ಹನ್ನೊಂದು ನಿಮಿಷದ ನಂತರ ಫೋನ್ ಬಡಿದುಕೊಂಡಿತು. ಸಿಳ್ಳೆ.

“ಅಕ್ಕಾ, ನನ್ನನ್ನ ಹೊರಗೆ ಹಾಕಿದೀರಂತೆ.”

“ಮೂರು ತಪ್ಪು ಮಾಡಿದ್ರೆ ಹಾಕದೆ ಏನು ಮಾಡಲಿ?”

“ಸರಿ ಅಕ್ಕಾ, ನನಗೆ ಹಾಗೇ ಆಗಬೇಕು. ಆದ್ರೆ ರೇಡಿಯೋ ತಾತನ್ನೂ ಹಾಕಿದೀರಲ್ಲ. ಅವರು ಒಂದು ಕಡತಕ್ಕೆ ಎರಡು ಪುಟ ವಿವರಣೆ ಬರೀತಾರೆ.”

ಕರಡಕ್ಕ ಫೋನಿಟ್ಟು ಬೋರ್ಡಿಗೆ ಹೋಗಿ ತನ್ನ ಹೆಸರು ಕೊಟ್ಟಳು. ಪರದೆ, ಅವಳೇ ಬರೆದ ಅಕ್ಷರಗಳಲ್ಲಿ ಹೇಳಿತು: ‘ನಿಮ್ಮ ಸದಸ್ಯತ್ವ ರದ್ದಾಗಿದೆ. ತಪ್ಪು ಸಂಪೂರ್ಣವಾಗಿ ನಿಮ್ಮದೇ.’

ಕಾರಣ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಗಂಟಿನೊಳಗಿನ ವಿವರಣೆಯ ಚೀಟಿಗೆ ಹಿಂದಿನಿಂದಲೂ ಒಂದೇ ಹೆಸರು, ಇಂಗ್ಲಿಷಿನಲ್ಲಿ, ಎಲ್ಲವೂ ದೊಡ್ಡಕ್ಷರ. ಅವಳು ಯಂತ್ರಕ್ಕೆ ಹುಡುಕಲು ಹೇಳಿದ್ದು ಅದೇ ಹೆಸರನ್ನು, ಚಿಕ್ಕಕ್ಷರದಲ್ಲಿ. ಲಿನಕ್ಸಿನ ಕಣ್ಣಿಗೆ ಅವೆರಡೂ ಬೇರೆ ಬೇರೆ. ಹದಿನೇಳು ವರ್ಷ ಒತ್ತಕ್ಷರ, ದೀರ್ಘ, ಅರ್ಕಾವತ್ತು ಯಾವುದನ್ನೂ ತಪ್ಪಲು ಬಿಡದ ಕಣ್ಣು ಅವಳದು. ಆದರೆ ನಮ್ಮ ಅಕ್ಷರಮಾಲೆಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಇಲ್ಲದ ತಪ್ಪನ್ನು ಕಣ್ಣು ಹೇಗೆ ಹಿಡಿದೀತು? ಹೀಗಾಗಿ ಯಂತ್ರ ಆರುನೂರ ನಲವತ್ತು ಗಂಟು ಬಿಚ್ಚಿ, ಒಂದರಲ್ಲೂ ಚೀಟಿ ಕಾಣದೆ, ಕಡತ ಇಟ್ಟಿದ್ದ ನಲವತ್ತನಾಲ್ಕು ಮಂದಿಯನ್ನೂ ಕುತ್ತಿಗೆ ಹಿಡಿದು ಆಚೆಗೆ ದಬ್ಬಿತ್ತು.

ಉಳಿದವನು ಒಬ್ಬನೇ. ಆರು ವರ್ಷದಲ್ಲಿ ಒಂದೂ ಕಡತ ಇಡದೆ, ಆದ್ದರಿಂದ ಒಂದೂ ತಪ್ಪು ಮಾಡದೆ, ಊಟಕ್ಕೆ ಬರ್ತೀಯಾ ಎಂದು ಕೇಳಿದ್ದ ಸದಸ್ಯ.

“ರೀ,” ಎಂದಳು ಕರಡಕ್ಕ.

ನಡೆದದ್ದನ್ನು ಕೇಳಿ ಗಂಡ ಸೌಟು ಕೆಳಗಿಟ್ಟ. “ಅಷ್ಟೇನಾ? ಬೋರ್ಡಿಂದ ತಾನೇ ನೀನು ಹೊರಗೆ? ಯಂತ್ರದ ಬೀಗದ ಕೈ ನಿನ್ನ ಹತ್ರಾನೇ ಇದೆ. ಹಿಂದುಗಡೆಯಿಂದ ಹೋಗಿ ಎಲ್ಲರ ಹೆಸರೂ ಸರಿ ಮಾಡಿಬಿಡು.”

“ಯಾರಿಗೂ ವಿನಾಯಿತಿ ಇಲ್ಲ ಅಂತ ಬಾಗಿಲಲ್ಲೇ ಬರೆದಿದೀನಿ. ಈಗ ನಾನೇ ಹಿತ್ತಿಲಿಂದ ನುಗ್ಗಲಾ?”

“ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತೆ. ನಿಯಮ ಅಂದ್ರೆ ನಿಯಮ. ನೀವು ವಿಚಾರಣೆ ಮಾಡಿ.”

ಮೈದುನ ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದಾಗಲೂ ಅವಳು ಜಗ್ಗಲಿಲ್ಲ. ಅಕ್ಷರವನ್ನು ತಿದ್ದಿದಳು, ಯಂತ್ರವನ್ನು ಮತ್ತೆ ಓಡಿಸಿದಳು. ಕಡತಗಳೆಲ್ಲ ವಿವರಣೆ ಸಮೇತ ಪಟ್ಟಿಗೆ ಏರಿ, ಕಪಾಟಿನಲ್ಲಿ ಶಿಸ್ತಾಗಿ ಕೂತವು. ಮಧ್ಯಾಹ್ನದ ಒಳಗೆ ಎಂದಿದ್ದಳು, ಒಂದೂಕಾಲಕ್ಕೆ ಮುಗಿಯಿತು. ನೋಡಲು ಒಳಗೆ ಸದಸ್ಯರೇ ಇರಲಿಲ್ಲ, ಅಷ್ಟೇ.

ಗಂಡ ಕೈತೊಳೆದು, ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಹತ್ತು ನಿಮಿಷದಲ್ಲೇ ಅವನ ಬೆನ್ನು ನೆಟ್ಟಗಾಯಿತು. ಕಚೇರಿಯಲ್ಲಿ ಅವನು ಅರ್ಜಿಗೆ ಷರಾ ಬರೆದರೂ ಮೇಲಿನವರು ಅದನ್ನು ಓದದೆ ಸಹಿ ಹಾಕುತ್ತಿದ್ದರು. ಇಲ್ಲಿ ಮೇಲಿನವರೇ ಇಲ್ಲ. ಒಂದೊಂದೇ ಮೇಲ್ಮನವಿಯನ್ನು ಓದಿ, ಅನುಮಾನ ಬಂದವರಿಗೆ ಫೋನ್ ಮಾಡಿ, “ಘಟನೆ ನಡೆದಾಗ ತಾವು ಎಲ್ಲಿದ್ರಿ?” ಎಂದು ವಿಚಾರಿಸಿ, ಒಂದೇ ಬೆರಳಿನಿಂದ ‘ಮಂಜೂರು’ ಎಂದು ಒತ್ತಿದ. ರೇಡಿಯೋ ತಾತನೊಡನೆ ಅರ್ಧ ಗಂಟೆ ಮಾತಾಡಿದ. ಅದರಲ್ಲಿ ಮೇಲ್ಮನವಿಯ ವಿಷಯ ಎರಡು ನಿಮಿಷ. ಸಂಜೆ ಐದಕ್ಕೆ ನಲವತ್ತಮೂರು ಮಂದಿ ಮರಳಿ ಒಳಗೆ ಬಂದಿದ್ದರು. ಸಿಳ್ಳೆಯೂ ಒಳಗಿದ್ದ. ಕರಡಕ್ಕ ಹೊರಗಿದ್ದಳು.

ಅವಳ ಮೇಲ್ಮನವಿ ಎರಡೇ ವಾಕ್ಯ: ‘ನಿಯಮ ಸರಿಯಾಗಿತ್ತು. ಅಕ್ಷರ ತಪ್ಪಾಗಿತ್ತು.’

“ಅಕ್ಷರ ಯಾರು ಬರೆದದ್ದು ಅಂತ ಇದರಲ್ಲಿ ಇಲ್ಲ,” ಎಂದ ಗಂಡ.

“ಇರೋದೂ ಇಲ್ಲ.”

“ಹಾಗಾದ್ರೆ ತಪ್ಪೊಪ್ಪಿಗೆ ಇಲ್ಲ ಅಂತ ವಾಪಸ್ ಕಳಿಸಬೇಕಾಗುತ್ತೆ. ನಿಯಮ ನಿನ್ನದೇ.”

“ಕಳಿಸಿ.”

ಕಳಿಸಿದ. ಸೋಮವಾರ ಅವಳು ಇನ್ನೊಂದು ಬರೆದಳು, ಅದರಲ್ಲಿ ತಪ್ಪನ್ನು ಇಂಗ್ಲಿಷ್ ಭಾಷೆಯ ಮೇಲೆ ಹೊರಿಸಿದ್ದಳು. ವಾಪಸ್. ಮಂಗಳವಾರ ಮೂರನೆಯದು, ಲಿನಕ್ಸಿನ ಮೇಲೆ. ವಾಪಸ್. ಅಷ್ಟರಲ್ಲಿ ಅವಳು ದಿನಾ ಬೆಳಿಗ್ಗೆ ಆ ಯಂತ್ರದ ಧೂಳು ಒರೆಸುತ್ತಿದ್ದಳು, ಅದಕ್ಕೆ ಗಾಳಿ ಆಡಲೆಂದು ಕಿಟಕಿ ತೆಗೆಯುತ್ತಿದ್ದಳು, ಆದರೆ ತಾನೇ ಕಟ್ಟಿದ ಬೋರ್ಡಿನಲ್ಲಿ ಯಾರು ಏನು ಬರೆದರೆಂದು ನೋಡುವಂತಿರಲಿಲ್ಲ. ಗಂಡ ಒಳಗೆ ಕೂತು ಕಾಗದಗಳನ್ನು ಓದಿ ಕಿಸಕ್ಕನೆ ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಏನೆಂದು ಕೇಳಿದರೆ, “ಸದಸ್ಯರಿಗೆ ಮಾತ್ರ,” ಎನ್ನುತ್ತಿದ್ದ.

ಬುಧವಾರ ಬೆಳಿಗ್ಗೆ ಅವಳು ಹಲ್ಲು ಕಚ್ಚಿ ಬರೆದಳು: ‘ತಪ್ಪು ನನ್ನದೇ.’ ಅದರ ಕೆಳಗೆ ‘ಆದರೆ’ ಎಂದು ಆರಂಭಿಸಿ ಒಂದು ಪುಟ. ಗಂಡ ಮೊದಲ ಸಾಲನ್ನಷ್ಟೇ ಓದಿ ಮಂಜೂರು ಮಾಡಿದ.

ನಾಲ್ಕನೆಯ ದಿನ ಕರಡಕ್ಕ ಒಳಗೆ ಕಾಲಿಟ್ಟಳು. ಬೋರ್ಡು ತುಂಬಾ ಒಂದೇ ಸ್ತೋತ್ರ. ಕಡತ ಇಟ್ಟ ಎರಡು ನಿಮಿಷಕ್ಕೆ ಪಟ್ಟಿಗೆ ಏರುತ್ತದೆ, ಹೊಸ ಯಜಮಾನರು ಬಂದ ಮೇಲೆ ಎಷ್ಟು ಅಚ್ಚುಕಟ್ಟು ನೋಡಿ. ಹೊರಟುಹೋಗುತ್ತೇವೆಂದು ಹೆದರಿಸಿದ್ದ ಮೂವರೇ ಮುಂದೆ ನಿಂತು ಮತ ಹಾಕಿಸಿ, ಅವನನ್ನು ಖಾಯಂ ಮಾಡಿದ್ದರು.

“ರೀ, ಇದನ್ನೆಲ್ಲ ಮಾಡಿದ್ದು ನಾನು ಅಂತ ನೀವು ಹೇಳಲಿಲ್ವಾ?”

“ಮೊದಲನೇ ದಿನಾನೇ ಹೇಳಿದೆ. ಒಂದೊಂದು ಸಾಲೂ ನನ್ನ ಹೆಂಡತಿ ಬರೆದದ್ದು ಅಂತ.” ಗಂಡ ಕನ್ನಡಕ ತೆಗೆದು ಒರೆಸಿದ. “ಯಾರೂ ನಂಬಲಿಲ್ಲ. ರೇಡಿಯೋ ತಾತ ಏನು ಬರೆದಿದಾರೆ ನೋಡು.”

ನೋಡಿದಳು. ‘ಇಷ್ಟೆಲ್ಲ ಆದ ಮೇಲೂ ಹೆಂಡತಿಯನ್ನು ಬಿಟ್ಟುಕೊಡುವುದಿಲ್ಲವಲ್ಲ, ನಿಮ್ಮದು ದೊಡ್ಡ ಮನಸ್ಸು.’

ಕರಡಕ್ಕ ಕುರ್ಚಿ ಎಳೆದುಕೊಂಡಳು. ತಾತ ವಯಸ್ಸಿನಲ್ಲಿ ಹಿರಿಯರಿರಬಹುದು, ಆದರೂ ಉತ್ತರ ಕೊಡದೆ ಬಿಡುವ ಹಾಗಿರಲಿಲ್ಲ. ತೋಳೇರಿಸಿ, ಮೊದಲ ಪದ ಒತ್ತಿದಳು. ಪರದೆ ಅವಳದೇ ಗಟ್ಟಿ ಕನ್ನಡದಲ್ಲಿ, ಅವಳು ಬರೆದೂ ಮರೆತಿದ್ದ ಏಳನೆಯ ನಿಯಮವನ್ನು ಮುಂದಿಟ್ಟಿತು: ಮೇಲ್ಮನವಿ ಮೂರು ಸಲ ವಾಪಸಾದ ಮೇಲೆ ಕ್ಷಮೆ ಪಡೆದು ಮರಳಿದವರು ಹದಿನೈದು ದಿನ ಬಾಯಿ ಮುಚ್ಚಿಕೊಂಡು ಓದತಕ್ಕದ್ದು.