ದುರಂತ ನಾಟಕವೂ ಪಾಯಸದ ಜಗಳವೂ

ಕುಂದಾಪುರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು ನಾನು. ನಗು ಬರುವ ಸಂಗತಿಗಳಿಗೆ ನಮ್ಮ ಕ್ಲಾಸಿನಲ್ಲಿ ಒಂದು ದಿನವೂ ರಜೆ ಇರಲಿಲ್ಲ. ಕೊರತೆ ಇದ್ದದ್ದು, ಸಂಜೆ ಮನೆಗೆ ಹೋಗಿ 'ಇವತ್ತು ಎಂತ ಆಯ್ತು ಗೊತ್ತುಂಟಾ' ಎಂದು ಹೇಳಿಕೊಳ್ಳುವುದಕ್ಕೆ ಒಂದು ಜನದ್ದು. ಮದುವೆಯಾಗಲಿಲ್ಲ. ಇದ್ದ ಒಬ್ಬ ತಮ್ಮನ ಜತೆ ಮಾತಿರಲಿಲ್ಲ. ಬೀಗ ತೆಗೆದು ಒಳಗೆ ಹೋದರೆ, ಬೆಳಿಗ್ಗೆ ಚಾ ಕುಡಿದ ಲೋಟ ಇಟ್ಟಲ್ಲೇ ಇರುತ್ತಿತ್ತು. ಹಾಗಾಗಿ ನಗುವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಇವು ನಾನು ನಿವೃತ್ತನಾದ ವರ್ಷದವು. ಪಠ್ಯದಲ್ಲಿ ಒಂದು ಹಳೆಯ ಇಂಗ್ಲಿಷ್ ದುರಂತ ನಾಟಕವಿತ್ತು. ಒಂದೇ ಊರಿನ ಎರಡು ಮನೆಗಳಿಗೆ ಹಾವು-ಮುಂಗುಸಿ ದ್ವೇಷ. ಆ ಮನೆಯ ಹುಡುಗ, ಈ ಮನೆಯ ಹುಡುಗಿ ಪ್ರೀತಿಸಿ ಕೊನೆಗೆ ಸಾಯುತ್ತಾರೆ. ಅದನ್ನು ಪಾಠ ಮಾಡಬೇಕಾದ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂತವಳು, ಬಸ್ರೂರಿನಲ್ಲಿರುವ ಅದೇ ತಮ್ಮನ ಮಗಳು. ದೇವರ ತಮಾಷೆ ನೋಡಿ!

೧. ಎರಡು ಸಲ ಹಾಜರಿ

ಎಂಟು ವರ್ಷದವಳಿದ್ದಾಗ ನನ್ನ ಬೆನ್ನೇರಿ ಕುದುರೆ ಆಡಿದ ಹುಡುಗಿ. ಈಗ ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತಾಳೆ. ಮನೆಯಲ್ಲಿ ಹಾಗೆ ಹೇಳಿಕೊಟ್ಟಿರಬೇಕು. ಅವಳ ಸ್ವರ ನನ್ನ ಕಿವಿಗೆ ಬೀಳುತ್ತಿದ್ದದ್ದು ದಿನಕ್ಕೊಮ್ಮೆ, ಹಾಜರಿ ಕರೆದಾಗ: 'ಪ್ರೆಸೆಂಟ್ ಸರ್.' ಮಾರ್ಚ್ ಕಳೆದರೆ ಅವಳೂ ಕಾಲೇಜಿನಿಂದ ಹೊರಗೆ, ನಾನೂ ಹೊರಗೆ. ಆಮೇಲೆ ಅದೂ ಇಲ್ಲ. ಅದು ನೆನಪಾದ ದಿನ ಪಾಠದ ಕೊನೆಗೆ 'ಓ, ಹಾಜರಿ ಮರೆತೇಹೋಯ್ತು' ಎಂದು ಇನ್ನೊಮ್ಮೆ ಕರೆಯುತ್ತಿದ್ದೆ.

ಒಂದು ದಿನ ಬೈಂದೂರಿನ ಹುಡುಗ ಎದ್ದು ನಿಂತ. 'ಸರ್, ಎರಡ್ ಸರ್ತಿ ಕರೆದ್ರೆ ಎರಡ್ ದಿನದ್ ಹಾಜ್ರಿ ಸಿಕ್ಕತ್ತಾ? ಹಂಗಾರೆ ನಾ ನಾಳಿ ಬಪ್ದಿಲ್ಲ.'

೨. ನಗು ಬಂದ ದಿನ

ಆ ನಾಟಕದ ಜನಕ್ಕೆ ಮಾತಿನಲ್ಲಿ ಆಟ ಆಡುವ ಚಟ. ಕತ್ತಿಯ ಏಟು ಬಿದ್ದು ಸಾಯುವವನೂ ಒಂದು ಶ್ಲೇಷೆ ಹೇಳಿಯೇ ಸಾಯುತ್ತಾನೆ. ವಿವರಿಸಿದೆ, ಯಾರೂ ನಗಲಿಲ್ಲ. ಬೋರ್ಡಿನ ಮೇಲೆ ಎರಡು ಅರ್ಥ ಬರೆದು ಬಾಣ ಎಳೆದೆ, ಉಹುಂ. ಮರುದಿನ ಬಾಣಗಳನ್ನು ಬಣ್ಣದ ಚಾಕಿನಲ್ಲಿ ಎಳೆದೆ. ಹಿಂದಿನ ಬೆಂಚಿನ ಹುಡುಗಿ ಗಟ್ಟಿಯಾಗಿ ನಕ್ಕಳು. ನನಗೆ ಜನ್ಮ ಸಾರ್ಥಕವಾದ ಹಾಗಾಯಿತು.

'ಎಂತ ಅರ್ಥ ಆಯ್ತು, ಎಲ್ಲರಿಗೂ ಹೇಳು' ಎಂದೆ.

'ಅರ್ಥ ಆಯ್ಲಿಲ್ಲ ಸರ್. ನೆಗಾಡ್ದಿದ್ರೆ ನಾಳಿಗೂ ಇದನ್ನೇ ಮಾಡ್ತ್ರಿ ಅಂದೇಳಿ...'

೩. ಸಾಯದವನು

ಜಗಳದ ದೃಶ್ಯವನ್ನು ಹುಡುಗರಿಂದಲೇ ಆಡಿಸಿದರೆ ತಲೆಗೆ ಹೋದೀತು ಎಂದುಕೊಂಡೆ. ಸಾಯುವ ಪಾತ್ರ ಬ್ರಹ್ಮಾವರದ ಕಡೆಯ ಹುಡುಗನಿಗೆ ಕೊಟ್ಟೆ. ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು, ಕೂತಲ್ಲೇ ಬರೀ ಮಾತಿನಲ್ಲಿ ಯುದ್ಧ ಗೆಲ್ಲುವ ಪೈಕಿ ಎಂದು ನನಗೇನು ಗೊತ್ತು? ಎದುರಾಳಿ ಸ್ಕೇಲಿನಿಂದ ಚುಚ್ಚಿದ. ಇವನು ಬೀಳಲೊಲ್ಲ.

'ಎಲವೋ, ನನ್ನನ್ನು ಕೊಲ್ಲುವ ಮೊದಲು, ನಿನ್ನ ಮನೆಗೂ ನನ್ನ ಮನೆಗೂ ಇರುವ ವೈರದ ಮೂಲವೇನು, ಹೇಳು!' ಎಂದು ಎದೆ ಸೆಟೆಸಿ ನಿಂತ.

ಚುಚ್ಚಿದವನಿಗೆ ಗೊತ್ತಿಲ್ಲ. ನಾಟಕದಲ್ಲೂ ಅದನ್ನು ಹೇಳಿಲ್ಲ. ಇಪ್ಪತ್ತು ನಿಮಿಷ ಇವನದೇ ವಾದ. ಕೊಲ್ಲಬೇಕಾದವನು ಕೈ ನೋವೆಂದು ಬೆಂಚಿನಲ್ಲಿ ಕೂತುಬಿಟ್ಟ. ಅಷ್ಟರಲ್ಲಿ ಗಂಟೆ ಹೊಡೆಯಿತು. ಸಾಯಬೇಕಾದವನು ಚೀಲ ಹೆಗಲಿಗೇರಿಸಿದ. 'ಬಸ್ಸಿಗೆ ಹೊತ್ತಾಯ್ತ್ ಸರ್. ನಾಳಿ ಸಾಯ್ತೆ.'

೪. ನಮ್ಮ ವೈರದ ಮೂಲ

ಆ ಸಂಜೆ ಗಂಜಿ ಎದುರಿಗಿಟ್ಟುಕೊಂಡು ನಮ್ಮ ಮನೆಯ ವೈರದ ಮೂಲ ನೆನಪು ಮಾಡಿಕೊಂಡೆ. ಅಮ್ಮ ತೀರಿಕೊಂಡ ಹದಿಮೂರನೇ ದಿನದ ಊಟಕ್ಕೆ ಹೆಸರುಬೇಳೆ ಪಾಯಸವೇ ಆಗಬೇಕು, ಅಮ್ಮನಿಗೆ ಅದೇ ಇಷ್ಟ ಎಂದು ನಾನು. ಅಲ್ಲ, ಕಡ್ಲೆಬೇಳೆಯದ್ದು ಎಂದು ತಮ್ಮ. ಮಾತಿಗೆ ಮಾತು ಬೆಳೆದು, ಅಡುಗೆಯವರ ಎದುರೇ 'ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಿದರೆ ಕೇಳು' ಎಂದು ಎದ್ದು ಬಂದವನು ನಾನೇ. ಒಂಬತ್ತು ವರ್ಷ ಆಗಿತ್ತು. ಎಂಥ ಕತ್ತೆ ನಾನು! ಅಮ್ಮನಿಗೆ ಸಕ್ಕರೆ ಕಾಯಿಲೆ. ಕೊನೆಯ ಹದಿನೈದು ವರ್ಷ ಯಾವ ಪಾಯಸವನ್ನೂ ಬಾಯಿಗೆ ಇಟ್ಟವರಲ್ಲ.

೫. ನಡುವಿನ ಕುರ್ಚಿ

ಜನವರಿಯಲ್ಲಿ ಪೋಷಕರ ಸಭೆ. ತಮ್ಮ ಬಂದ. ಮೇಜಿನ ಆಚೆ ಅವನು, ಈಚೆ ನಾನು, ಪಕ್ಕದ ಕುರ್ಚಿಯಲ್ಲಿ ನಮ್ಮ ಹಳೇ ಅಟೆಂಡರ್. ತಮ್ಮ ಅಟೆಂಡರನ ಮುಖ ನೋಡಿ, 'ಹೆಣ್ ಹ್ಯಾಂಗ್ ಓದ್ತ್ ಅಂದೇಳಿ ಕೇಣಿ' ಎಂದ. ನಾನೂ ಅಟೆಂಡರನ ಮುಖ ನೋಡಿ, 'ಲಾಯ್ಕ್ ಓದ್ತ್ ಅಂದೇಳಿ ಹೇಳಿ' ಎಂದೆ. ತಮ್ಮ ಮತ್ತೆ ಅಟೆಂಡರನ ಕಡೆಗೇ ತಿರುಗಿ, 'ಅವ್ರ್ ಸಪೂರ ಆಯಿರ್ ಅಲ್ದಾ, ಹುಷಾರಿಲ್ಯಾ ಕೇಣಿ' ಎಂದ. ನಾನು ಸಡಿಲವಾಗಿ ಜಾರುತ್ತಿದ್ದ ವಾಚನ್ನು ಅಂಗಿಯ ತೋಳಿನೊಳಗೆ ತಳ್ಳಿದೆ.

ಅಟೆಂಡರ್ ರೇಗಿ, ಕಿವಿ ಮುಟ್ಟಿ ತೋರಿಸುತ್ತ ಎದ್ದ. 'ಹ್ವಾಯ್, ಇಬ್ರಿಗೂ ಕೆಮಿ ಸಮ ಇತ್ತಲ್ದಾ ಮಾರಾಯ್ರೆ! ನಾ ಚಾ ಕುಡ್ದ್ ಬತ್ತೆ, ನೀವೇ ಮಾತಾಡ್ಕಣಿ.'

ಕಾಲು ಗಂಟೆ ಬಿಟ್ಟು ಅವನು ಬಂದಾಗ, ಅಣ್ಣತಮ್ಮ ಇಬ್ಬರೂ ಅವನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದೆವು.

೬. ಕೊನೆಯ ಪಾಠ

ಫೆಬ್ರವರಿಯಲ್ಲಿ ನಾಟಕ ಮುಗಿಯಿತು. ಹೆಣಗಳ ಎದುರು ಎರಡು ಮನೆಯ ಹಿರಿಯರು ಕೈ ಹಿಡಿದು ರಾಜಿಯಾದದ್ದನ್ನು ಓದಿದೆ. ಪುಸ್ತಕ ಮುಚ್ಚಿ, 'ಪ್ರಶ್ನೆ ಇದ್ದರೆ ಕೇಳಿ' ಎಂದೆ.

ತಮ್ಮನ ಮಗಳು ಎದ್ದಳು. ವರ್ಷವಿಡೀ ಒಂದು ಪ್ರಶ್ನೆ ಕೇಳಿದವಳಲ್ಲ.

'ಸರ್, ಇವ್ರ್ ರಾಜಿ ಆಪುಕೆ ಒಟ್ಟು ಎಷ್ಟ್ ಜನ ಸಾಯ್ಕಾಯ್ತ್?'

ಬೆರಳು ಮಡಚಿ ಎಣಿಸಿದೆ. 'ಆರು ಜನ.'

ಅವಳೂ ಬೆರಳು ಮಡಚಿದಳು. 'ನಮ್ ಮನ್ಯಗೆ ಇಪ್ದ್ ಅಪ್ಪಯ್ಯ, ಅಮ್ಮ, ನಾನ್, ನನ್ ತಮ್ಮ. ನಾಲ್ಕ್ ಜನ. ನಿಮ್ ಮನ್ಯಗೆ ನೀವೊಬ್ರೇ.'

ಇಡೀ ಕ್ಲಾಸು ನಮ್ಮಿಬ್ಬರನ್ನೂ ನೋಡುತ್ತಿತ್ತು.

'ಎಲ್ಲರೂ ಸತ್ರೂ ಐದೇ ಆಪ್ದ್, ದೊಡ್ಡಪ್ಪ. ಒಂದ್ ಕಮ್ಮಿ ಬತ್ತ್. ಈ ಆಯ್ತವಾರ ಸುಮ್ನೆ ಊಟಕ್ಕೆ ಬನಿ.'